ನೆರಳು ಹಿಡಿದ ಯಾತ್ರಿಕ

1916ರಲ್ಲಿ ಇಂಗ್ಲೆಂಡಿನ ರೈಲುನಿಲ್ದಾಣವೊಂದರ ಪುಸ್ತಕದಂಗಡಿಯಲ್ಲಿ 17 ವರ್ಷದ ತರುಣನೊಬ್ಬನು ಹಳೆಯ ಕಾದಂಬರಿಯೊಂದನ್ನು ಕೊಂಡನು. ಆತನೇ ಮುಂದೆ ನಾರ್ನಿಯಾ ಕಥೆಗಳನ್ನು ಬರೆದು ಪ್ರಸಿದ್ಧನಾದ ಸಿ. ಎಸ್. ಲೂಯಿಸ್. ತನ್ನ ಕಲ್ಪನಾಶಕ್ತಿಗೆ ದೀಕ್ಷೆ ದೊರೆತದ್ದು ಆ ಪುಸ್ತಕದಿಂದ ಎಂದು ಆತನು ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. ಆ ಕಾದಂಬರಿಯ ಹೆಸರು 'ಫ್ಯಾಂಟಾಸ್ಟೀಸ್'.

ಇದರ ಕರ್ತೃ ಜಾರ್ಜ್ ಮ್ಯಾಕ್‌ಡೊನಾಲ್ಡ್ 1824ರಲ್ಲಿ ಸ್ಕಾಟ್‌ಲೆಂಡಿನ ಹಂಟ್ಲಿಯಲ್ಲಿ ಜನಿಸಿದನು. ಇಂಗ್ಲೆಂಡಿನ ಅರಂಡೆಲ್ ಪಟ್ಟಣದಲ್ಲಿ ಧರ್ಮೋಪದೇಶಕನಾಗಿದ್ದಾಗ ಆತನ ಉದಾರ ವಿಚಾರಗಳು ಸಭೆಯ ಕೆಲವರಿಗೆ ಹಿಡಿಸಲಿಲ್ಲ. ಸಂಬಳ ಇಳಿಯಿತು, 1853ರಲ್ಲಿ ಆತನು ಹುದ್ದೆಯನ್ನೇ ತೊರೆಯಬೇಕಾಯಿತು. ಐದು ವರ್ಷಗಳ ತರುವಾಯ, 1858ರಲ್ಲಿ, ಈ ಕಾದಂಬರಿ ಪ್ರಕಟವಾಯಿತು. ಇದು ವಯಸ್ಕರಾದ ಸ್ತ್ರೀಪುರುಷರಿಗಾಗಿ ಬರೆದ ಕಿನ್ನರಕಥೆಯೆಂದು ಲೇಖಕನೇ ಸೂಚಿಸಿದ್ದಾನೆ.

ಕಥಾನಾಯಕನ ಹೆಸರು ಅನೋಡೋಸ್. ಗ್ರೀಕ್ ಭಾಷೆಯಲ್ಲಿ ಇದಕ್ಕೆ 'ದಾರಿಯಿಲ್ಲದವನು' ಎಂದೂ 'ಮೇಲೇರುವ ದಾರಿ' ಎಂದೂ ಅರ್ಥ ಹೇಳಬಹುದು. 21 ವರ್ಷ ತುಂಬಿದ ಅವನು ತಂದೆಯ ಹಳೆಯ ಮೇಜಿನ ಗುಪ್ತ ಖಾನೆಯನ್ನು ತೆರೆಯುತ್ತಾನೆ. ಅಲ್ಲಿ ಪುಟ್ಟ ಕಿನ್ನರಿಯೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಮರುದಿನ ಬೆಳಗ್ಗೆ ಎಚ್ಚರವಾದಾಗ ಕೋಣೆಯ ನೆಲದಲ್ಲಿ ತೊರೆ ಹರಿಯುತ್ತಿರುತ್ತದೆ. ಜಮಖಾನದ ಹುಲ್ಲೂ ಹೂಗಳೂ ನಿಜವಾದವುಗಳಂತೆ ತಲೆದೂಗುತ್ತಿರುತ್ತವೆ. ತೊರೆಯ ಜಾಡು ಹಿಡಿದು ಅವನು ಕಿನ್ನರಲೋಕದ ಕಾಡನ್ನು ಹೊಗುತ್ತಾನೆ.

ಈ ಕಾದಂಬರಿಯ ಹಂದರ ಸಡಿಲವಾದುದು. ರಾಕ್ಷಸರು, ಅರಮನೆ, ಅಮೃತಶಿಲೆಯ ಸುಂದರಿ ಎಲ್ಲವೂ ಕನಸಿನಂತೆ ಬಂದು ಹೋಗುತ್ತವೆ. ಆದರೆ ಒಂದು ಸಂಗತಿ ಮಾತ್ರ ಯಾತ್ರೆಯ ಬಹುಭಾಗದಲ್ಲಿ ಅವನ ಬೆನ್ನು ಬಿಡುವುದಿಲ್ಲ. ಕಾಡಿನ ಗುಡಿಸಲೊಂದರಲ್ಲಿ, ಬೇಡವೆಂದು ಹೇಳಿದ್ದ ಬಾಗಿಲನ್ನು ಅನೋಡೋಸನು ತೆರೆಯುತ್ತಾನೆ. ಒಳಗಿನ ಕತ್ತಲಿನಿಂದ ಕಪ್ಪು ಆಕೃತಿಯೊಂದು ಓಡಿಬಂದು ಅವನಿಗೆ ಅಂಟಿಕೊಳ್ಳುತ್ತದೆ. ಅದು ಅವನದೇ ನೆರಳು.

ನೆರಳು ಬಿದ್ದೆಡೆ ಹೂಗಳು ಬಾಡುತ್ತವೆ. ಪ್ರಭೆಯಿಂದ ಬೆಳಗುತ್ತಿದ್ದ ಕಿನ್ನರಬಾಲಕನೊಬ್ಬನು ಅದರ ಸೋಂಕಿನಿಂದ ಹುಲ್ಲಿನ ಟೋಪಿ ತೊಟ್ಟ ಸಾಮಾನ್ಯ ಹುಡುಗನಾಗುತ್ತಾನೆ. ಅವನ ಕೈಯಲ್ಲಿದ್ದ ಅದ್ಭುತ ವಸ್ತುಗಳು ಬರಿಯ ಗಾಜಿನ ಆಟಿಕೆಗಳಾಗಿ ಕಾಣುತ್ತವೆ. ಇದಕ್ಕಿಂತಲೂ ಭಯಂಕರವಾದುದು ಮುಂದೆ ಉಂಟು. ಕ್ರಮೇಣ ಅನೋಡೋಸನು ನೆರಳನ್ನು ಮೆಚ್ಚತೊಡಗುತ್ತಾನೆ. ಇತರರು ಮೋಸಹೋಗಬಹುದು, ತಾನು ಮಾತ್ರ ವಸ್ತುಗಳ ನಿಜಸ್ವರೂಪವನ್ನು ಕಾಣುತ್ತಿದ್ದೇನೆಂದು ಹೆಮ್ಮೆಪಡುತ್ತಾನೆ! ಆಗಲೇ ಅವನಿಗೆ ಬಾಲೆಯೊಬ್ಬಳು ಎದುರಾಗುತ್ತಾಳೆ. ಅವಳ ಕೈಯಲ್ಲಿ ಇಂಪಾಗಿ ನಾದಗೈಯುವ ಸ್ಫಟಿಕದ ಗೋಳವಿರುತ್ತದೆ. ಅವಳು ಬೇಡಿಕೊಂಡರೂ ಕೇಳದೆ ಅವನು ಅದನ್ನು ಹಿಡಿಯುತ್ತಾನೆ, ನೆರಳು ಸುತ್ತುವರಿಯುತ್ತದೆ, ಗೋಳ ಒಡೆದುಹೋಗುತ್ತದೆ. ಬಾಲೆ ಅಳುತ್ತಾ ಕಾಡಿನಲ್ಲಿ ಮರೆಯಾಗುತ್ತಾಳೆ.

ಮುಂದೆ ಅವನೂ ಇಬ್ಬರು ಸೋದರರೂ ಸೇರಿ ಮೂವರು ರಾಕ್ಷಸರನ್ನು ಕೊಲ್ಲುತ್ತಾರೆ. ಸೋದರರು ಮಡಿಯುತ್ತಾರೆ, ಕೀರ್ತಿ ಇವನಿಗೆ ಉಳಿಯುತ್ತದೆ. ಆ ಗರ್ವವೇ ಅವನನ್ನು ಒಂದು ಗೋಪುರದಲ್ಲಿ ಸೆರೆಗೆ ನೂಕುತ್ತದೆ. ಒಂದು ದಿನ ಹೊರಗೆ ಹಾಡು ಕೇಳಿಸುತ್ತದೆ. ಅವನು ಕದ ತೆರೆದು ಹೊರಬರುತ್ತಾನೆ, ಅಷ್ಟೆ. ಹಾಡಿದವಳು ಗೋಳ ಕಳೆದುಕೊಂಡ ಆ ಬಾಲೆಯೇ! ಈಗ ತಾನೇ ಹಾಡಬಲ್ಲೆನಾದುದರಿಂದ ಗೋಳ ಬೇಕಿಲ್ಲವೆಂದು ಅವಳು ಹೇಳುತ್ತಾಳೆ. ಅವಳು ಹೋದಮೇಲೆ ಅವನು ಕವಚವನ್ನು ಕಳಚಿಡುತ್ತಾನೆ. ತಾನು ವೀರನಲ್ಲವೆಂದು ಒಪ್ಪಿಕೊಂಡು ತಿರುಗಿ ನೋಡಿದರೆ ನೆರಳು ಎಲ್ಲಿಯೂ ಇಲ್ಲ.

ಕೊನೆಗೆ ಅವನು ಒಬ್ಬ ವೀರನ ಸೇವಕನಾಗಿ, ಪರರಿಗಾಗಿ ಪ್ರಾಣವನ್ನು ತೆತ್ತು, ಮತ್ತೆ ತನ್ನ ಮನೆಯ ಬಳಿಯಲ್ಲಿ ಕಣ್ತೆರೆಯುತ್ತಾನೆ. ಅವನಿಗೆ 21 ವರ್ಷ ಕಳೆದಂತೆ ತೋರುತ್ತದೆ. ಮನೆಯವರ ಲೆಕ್ಕದಲ್ಲಿ 21 ದಿನ. ಒಂದು ದಿನ ಕೊಯ್ಲುಗಾರರೊಡನೆ ದುಡಿದು ಹಳೆಯ ಮರವೊಂದರ ಅಡಿಯಲ್ಲಿ ಮಲಗಿದಾಗ, ಕಿನ್ನರಲೋಕದಲ್ಲಿ ತನಗೆ ಆಶ್ರಯವಿತ್ತಿದ್ದ ಮುದುಕಿಯ ದನಿ ಎಲೆಗಳ ಮರ್ಮರದಲ್ಲಿ ಕೇಳಿಸಿದಂತಾಗುತ್ತದೆ. ಕೊಂಬೆಗಳ ನಡುವೆ ಅವಳ ಮುಖವೂ ಕಂಡಂತಾಗುತ್ತದೆ. ದಿಟ್ಟಿಸಿ ನೋಡಿದರೆ ಅಲ್ಲಿರುವುದು ಎಲೆಗಳು, ಅವುಗಳ ಸಂದಿನಲ್ಲಿ ಆಕಾಶ.