ಡೇರಿ ಕ್ಯಾನಿಗೆ ಸುರಿದ ಕರೆಂಟು

ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ಗೇಣಿನಷ್ಟು ಗಡಿಯೂ ಕೂಡಿಕೊಂಡಿಲ್ಲ. ಎರಡರ ನಡುವೆ ಭಾರತದ ಸಿಲಿಗುರಿ ಪಟ್ಟಿ ಅಡ್ಡ ಮಲಗಿದೆ. ತೀರಾ ಕಿರಿದಾದ ಕಡೆ ಅದರ ಅಗಲ ಸುಮಾರು 22 ಕಿ.ಮೀ. ಹೀಗಿದ್ದೂ 2024ರ ನವೆಂಬರ್ 15ರಂದು ನೇಪಾಳ ಬಾಂಗ್ಲಾದೇಶಕ್ಕೆ 40 ಮೆಗಾವ್ಯಾಟ್ ವಿದ್ಯುತ್ ಮಾರಿತು. 75 ವ್ಯಾಟ್‌ನ ಐದು ಲಕ್ಷ ಫ್ಯಾನುಗಳನ್ನು ತಿರುಗಿಸಲು ಸಾಕಾಗುವಷ್ಟು ವಿದ್ಯುತ್ ಅದು. ದಕ್ಷಿಣ ಏಷ್ಯಾದಲ್ಲಿ ಮಾರುವವರು ಒಂದು ದೇಶ, ಕೊಳ್ಳುವವರು ಇನ್ನೊಂದು ದೇಶ, ದಾರಿ ಮೂರನೆಯ ದೇಶದ್ದು ಎಂಬ ಬಗೆಯ ವ್ಯಾಪಾರ ನಡೆದದ್ದು ಅದೇ ಮೊದಲು.

ಕಾಗದದ ಮೇಲೆ ಈ ವಿದ್ಯುತ್ತಿನ ದಾರಿ ಸ್ಪಷ್ಟವಾಗಿಯೇ ಇದೆ. ನೇಪಾಳದ ಧಲ್ಕೇಬರ್ ಸಬ್‌ಸ್ಟೇಷನ್ನಿನಿಂದ 400 ಕಿಲೋವೋಲ್ಟ್ ತಂತಿಯಲ್ಲಿ ಬಿಹಾರದ ಮುಜಫರ್‌ಪುರಕ್ಕೆ, ಅಲ್ಲಿಂದ ಭಾರತದ ಜಾಲದೊಳಗೆ ಹಾದು ಪಶ್ಚಿಮ ಬಂಗಾಳದ ಬಹರಾಂಪುರಕ್ಕೆ, ಕೊನೆಗೆ ಪದ್ಮಾ ನದಿಯ ಸಮೀಪದ ಬಾಂಗ್ಲಾದ ಭೇರಾಮಾರಾಕ್ಕೆ. ಮುಜಫರ್‌ಪುರದ ಮೀಟರು ತೋರಿಸಿದಷ್ಟು ಯೂನಿಟ್‌ಗೆ ದುಡ್ಡು; ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟ್. ಇಷ್ಟನ್ನು ಓದಿದವರ ಕಣ್ಣಿಗೆ ಹಿಮಾಲಯದಲ್ಲಿ ಹುಟ್ಟಿದ ಕರೆಂಟು ಪೈಪಿನೊಳಗಿನ ನೀರಿನ ಹಾಗೆ ಹರಿದು ಢಾಕಾ ತಲುಪುವ ಚಿತ್ರ ಕಟ್ಟುತ್ತದೆ. ಚಿತ್ರ ಸೊಗಸಾಗಿದೆ, ಆದರೆ ಪೂರಾ ತಪ್ಪು.

ಮನೆಮನೆಗೆ ಬರುವ ಎಸಿ ವಿದ್ಯುತ್ತಿನಲ್ಲಿ ಎಲೆಕ್ಟ್ರಾನುಗಳು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೊನೆಯುತ್ತವೆ, ಅಷ್ಟೆ. ಆ ತೊನೆದಾಟ ತಲೆಗೂದಲಿನ ದಪ್ಪದಷ್ಟೂ ಇರುವುದಿಲ್ಲ. ಅದೂ ಸಾಲದೆಂಬಂತೆ ದಾರಿಯುದ್ದಕ್ಕೂ ಟ್ರಾನ್ಸ್‌ಫಾರ್ಮರುಗಳಿವೆ. ಸಾಮಾನ್ಯ ಟ್ರಾನ್ಸ್‌ಫಾರ್ಮರಿನ ಒಳಗೆ ಎರಡು ಸುರುಳಿಗಳು ಒಂದಕ್ಕೊಂದು ತಾಗದೆ ಕೂತಿರುತ್ತವೆ. ಈ ಸುರುಳಿಯ ಎಲೆಕ್ಟ್ರಾನ್ ಆ ಸುರುಳಿಗೆ ದಾಟಲು ದಾರಿಯೇ ಇಲ್ಲ. ದಾಟುವುದು ಶಕ್ತಿ ಮಾತ್ರ, ಅದೂ ಕಾಂತಕ್ಷೇತ್ರದ ಮೂಲಕ. ನೇಪಾಳದ ಎಲೆಕ್ಟ್ರಾನ್ ಢಾಕಾಕ್ಕೆ ಹೋಗುವ ಮಾತು ಹಾಗಿರಲಿ, ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿನ ಆಚೆಯ ಎಲೆಕ್ಟ್ರಾನ್ ಸಹ ಮನೆಯೊಳಗೆ ಕಾಲಿಟ್ಟಿಲ್ಲ.

ಹಾಗಾದರೆ ಮಾರಿದ್ದೇನು? ಹಳ್ಳಿಯ ಹಾಲಿನ ಡೇರಿಯನ್ನು ನೆನೆದರೆ ಸಾಕು. ಬೆಳಗ್ಗೆ ಆರಕ್ಕೆ ಜನ ತಂಬಿಗೆ, ಸ್ಟೀಲ್ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲನ್ನೂ ಅಳೆದು, ಜಿಡ್ಡು ನೋಡಿ, ಪಾಸ್‌ಪುಸ್ತಕದಲ್ಲಿ ಬರೆದು, ಒಂದೇ ದೊಡ್ಡ ಕ್ಯಾನಿಗೆ ಸುರಿಯುತ್ತಾರೆ. ಸುರಿದ ಮೇಲೆ ಯಾವ ಮನೆಯ ಎಮ್ಮೆಯ ಹಾಲು ಯಾವ ಪೇಟೆಯ ಪಾಕೀಟಿಗೆ ಹೋಯಿತೆಂದು ಬ್ರಹ್ಮನಿಗೂ ತಿಳಿಯದು. ಆದರೂ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಸುರಿದದ್ದಕ್ಕೂ ಅಳತೆಯಿದೆ, ತೆಗೆದದ್ದಕ್ಕೂ ಅಳತೆಯಿದೆ. ನೇಪಾಳ ಭಾರತದ ಜಾಲವೆಂಬ ಕ್ಯಾನಿಗೆ 40 ಮೆಗಾವ್ಯಾಟ್ ಸುರಿಯಿತು. ಅದೇ ಹೊತ್ತಿನಲ್ಲಿ ಬಾಂಗ್ಲಾದೇಶ ಕ್ಯಾನಿನಿಂದ ಅಷ್ಟನ್ನು ಹೆಚ್ಚಿಗೆ ತೆಗೆಯಿತು. ಗಡಿ ದಾಟಿದ ವಿದ್ಯುತ್ ವ್ಯಾಪಾರದ ತಿರುಳು ಈ ಪಾಸ್‌ಪುಸ್ತಕವೇ.

ಈ ಪುಸ್ತಕದಲ್ಲಿ ದಿನಕ್ಕೆ 96 ಸಾಲುಗಳು. ಭಾರತದ ಜಾಲದಲ್ಲಿ ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಕತ್ತರಿಸಿ, ಯಾವ ತುಂಡಿನಲ್ಲಿ ಯಾರು ಎಷ್ಟು ಹಾಕಬೇಕು, ಯಾರು ಎಷ್ಟು ತೆಗೆಯಬೇಕು ಎಂದು ಮುಂಚೆಯೇ ಗೊತ್ತುಮಾಡುತ್ತಾರೆ. ಹೇಳಿದ್ದಕ್ಕಿಂತ ಕಡಿಮೆ ಸುರಿದರೂ ಹೆಚ್ಚು ಎಳೆದರೂ ಆ ವ್ಯತ್ಯಾಸಕ್ಕೆ ಬೇರೆ ದರ.

ಈ ವ್ಯಾಪಾರಕ್ಕೆ ಮೂಲ ಕಾರಣ ಮಳೆ ಮತ್ತು ಹಿಮ. ನೇಪಾಳದ ಜಲವಿದ್ಯುತ್ ಘಟಕಗಳಲ್ಲಿ ಹೆಚ್ಚಿನವು ದೊಡ್ಡ ಅಣೆಕಟ್ಟಿಲ್ಲದೆ, ಹರಿಯುವ ನೀರನ್ನು ಹಾಗೆಯೇ ಬಳಸುವಂಥವು. ಮಳೆಗಾಲದಲ್ಲಿ ನದಿ ಉಕ್ಕಿದಾಗ ಬೇಡವೆಂದರೂ ವಿದ್ಯುತ್ತು. ಚಳಿಗಾಲದಲ್ಲಿ ನದಿ ಸೊರಗಿದಾಗ ಬೇಕೆಂದರೂ ಇಲ್ಲ. ಒಂದು ಕಾಲಕ್ಕೆ ನೇಪಾಳದಲ್ಲಿ ಚಳಿಗಾಲದ ಲೋಡ್ ಶೆಡ್ಡಿಂಗ್ ದಿನಕ್ಕೆ 16 ಗಂಟೆ ಮುಟ್ಟಿತ್ತು. 2016ರಲ್ಲಿ ಧಲ್ಕೇಬರ್–ಮುಜಫರ್‌ಪುರ ಮಾರ್ಗ ಚಾಲೂ ಆದ ಮೇಲೆ ಭಾರತದಿಂದ ಹೆಚ್ಚು ವಿದ್ಯುತ್ ತರಿಸುವುದು ಸಾಧ್ಯವಾಯಿತು. 2021ರಿಂದ ಅದೇ ತಂತಿಯಲ್ಲಿ ಮಳೆಗಾಲದ ಹೆಚ್ಚುವರಿ ಭಾರತದ ವಿದ್ಯುತ್ ವಿನಿಮಯ ಮಾರುಕಟ್ಟೆಗೆ ಬರತೊಡಗಿತು. ಬಾಂಗ್ಲಾದೇಶದ್ದು ತದ್ವಿರುದ್ಧ ಪರಿಸ್ಥಿತಿ: ಬೇಸಿಗೆ, ಮಳೆಗಾಲದ ಸೆಕೆಯಲ್ಲಿ ಬೇಡಿಕೆ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. 40 ಮೆಗಾವ್ಯಾಟ್‌ನ ಒಪ್ಪಂದ ಪ್ರತಿವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ ಇರುವುದು ಇದೇ ಕಾರಣಕ್ಕೆ. ಭೂತಾನದ ಕಥೆಯೂ ಇದೇ ಜಾಡಿನದು. 336 ಮೆಗಾವ್ಯಾಟ್‌ನ ಚುಖಾ ಘಟಕ 1980ರ ದಶಕದಲ್ಲಿ ಭಾರತದ ನೆರವಿನಿಂದ ಶುರುವಾಯಿತು, 1020 ಮೆಗಾವ್ಯಾಟ್‌ನ ತಾಲಾ ಆಮೇಲೆ ಬಂತು. ಮಳೆಗಾಲದಲ್ಲಿ ಭಾರತಕ್ಕೆ ಮಾರುವ ಭೂತಾನ ಈಚಿನ ವರ್ಷಗಳ ಚಳಿಗಾಲದಲ್ಲಿ ಭಾರತದಿಂದಲೇ ಕೊಳ್ಳುತ್ತಿದೆ.

ನೆರೆಯವರಿಗೆ ಮಾರುವುದರಿಂದಲೇ ನಮ್ಮಲ್ಲಿ ಕರೆಂಟು ಹೋಗುತ್ತದೆ ಎಂಬ ಕಟ್ಟೆಪುರಾಣ ಬೇಸಿಗೆ ಬಂದಾಗಲೆಲ್ಲ ಕೇಳಿಬರುತ್ತದೆ. ಅಂಕಿ ನೋಡಿದರೆ ಅದು ನಿಲ್ಲುವುದಿಲ್ಲ. 2024ರ ಮೇ 30ರಂದು ಭಾರತದ ಬೇಡಿಕೆ 2,50,000 ಮೆಗಾವ್ಯಾಟ್ ಮುಟ್ಟಿತು. ಭೇರಾಮಾರಾ ಮಾರ್ಗದ ಸಾಮರ್ಥ್ಯ 1,000, ತ್ರಿಪುರಾದಿಂದ ಹೋಗುವುದು 160. ಬಾಂಗ್ಲಾದೇಶಕ್ಕೆಂದೇ ಜಾರ್ಖಂಡ್‌ನ ಗೊಡ್ಡಾದಲ್ಲಿ ಕಟ್ಟಿದ 1,600 ಮೆಗಾವ್ಯಾಟ್ ಘಟಕವನ್ನು ಸೇರಿಸಿದರೂ ಒಟ್ಟು ಶೇಕಡಾ ಒಂದರ ಆಸುಪಾಸು. ಊರಲ್ಲಿ ಕರೆಂಟು ಹೋದಾಗ ಮೊದಲು ನೋಡಬೇಕಾದದ್ದು ತಂತಿಯ ಮೇಲೆ ಬಿದ್ದ ತೆಂಗಿನ ಗರಿಯನ್ನು, ಢಾಕಾವನ್ನಲ್ಲ.

ನೆರೆಯ ಜಾಲಗಳನ್ನು ಬೆಸೆಯಲು ಎರಡು ವಿಧಾನಗಳಿವೆ. ಮೊದಲನೆಯದು ಎಸಿ ತಂತಿಯಿಂದ ನೇರವಾಗಿ ಕೂಡಿಸುವುದು. ಆಗ ಎರಡೂ ಜಾಲಗಳ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ತಿರುಗಬೇಕು. ಇದು ತೇರು ಎಳೆದ ಹಾಗೆ. ಹಗ್ಗ ಒಂದೇ, ಹಿಡಿದವರು ಸಾವಿರ ಜನ. ಏರು ಬಂದರೆ ಎಲ್ಲರ ನಡಿಗೆಯೂ ನಿಧಾನ, ಇಳಿಜಾರು ಬಂದರೆ ಎಲ್ಲರದೂ ಬಿರುಸು. ಒಬ್ಬನೇ ಬೇರೆ ವೇಗದಲ್ಲಿ ನಡೆಯುವಂತಿಲ್ಲ. ತೇರಿನ ಭಾರವೆಂದರೆ ಬೇಡಿಕೆ, ವೇಗವೆಂದರೆ ಆವರ್ತನ. ಭಾರತದಲ್ಲಿ ಅದು ಸೆಕೆಂಡಿಗೆ 50 ಆವರ್ತ, ಅಂದರೆ 50 ಹರ್ಟ್ಸ್. ದೇಶದ ಐದು ಪ್ರಾದೇಶಿಕ ಜಾಲಗಳಲ್ಲಿ ಕಟ್ಟಕಡೆಗೆ ಈ ಹಗ್ಗ ಹಿಡಿದದ್ದು ದಕ್ಷಿಣದ್ದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಅದನ್ನು ಬೆಸೆಯಿತು. ನೇಪಾಳ, ಭೂತಾನಗಳೂ ಇದೇ ಹಗ್ಗದಲ್ಲಿವೆ. ರಾಯಚೂರಿನ ಶಾಖೋತ್ಪನ್ನ ಘಟಕದ ಟರ್ಬೈನು, ತಾಲಾದ ಟರ್ಬೈನು ಎರಡೂ ಈ ಕ್ಷಣದಲ್ಲಿ ಒಂದೇ ತಾಳ ಹಿಡಿದಿವೆ.

ಒಂದೇ ಹಗ್ಗ ಹಿಡಿದವರಲ್ಲಿ ಒಬ್ಬ ಕೈ ಸಡಿಲ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಯುರೋಪಿನ ಗಡಿಯಾರಗಳ ಪ್ರಸಂಗಕ್ಕಿಂತ ರುಚಿಯಾದ ಉದಾಹರಣೆ ಇನ್ನೊಂದಿಲ್ಲ. 2018ರ ಜನವರಿ ಮಧ್ಯದಿಂದ ಅಲ್ಲಿನ ಅಡುಗೆಮನೆಗಳಲ್ಲಿ ಓವನ್ ಮೇಲಿನ ಗಡಿಯಾರ ದಿನವೂ ಸ್ವಲ್ಪ ಸ್ವಲ್ಪ ಹಿಂದೆ ಬೀಳತೊಡಗಿತು. ಹಾಸಿಗೆ ಪಕ್ಕದ ರೇಡಿಯೋ ಅಲಾರಾಂ ಸಹ ತಡ. ಅದೇ ಮನೆಯ ಮೊಬೈಲು, ಕೈಗಡಿಯಾರ ಮಾತ್ರ ಸರಿಯಾದ ಹೊತ್ತು ತೋರಿಸುತ್ತಿದ್ದವು. ಮಾರ್ಚ್ ಆರಂಭದ ಹೊತ್ತಿಗೆ ವ್ಯತ್ಯಾಸ ಆರು ನಿಮಿಷ. ಸ್ಪೇನಿನಿಂದ ಟರ್ಕಿಯವರೆಗೆ 25 ದೇಶಗಳಲ್ಲಿ ಒಂದೇ ಬಗೆಯ ತಡ.

ಆ ಗಡಿಯಾರಗಳೊಳಗೆ ಸ್ಫಟಿಕವಿಲ್ಲ. ಗೋಡೆಯ ಪ್ಲಗ್ಗಿನಿಂದ ಬರುವ ಎಸಿಯ ಆವರ್ತಗಳನ್ನು ಎಣಿಸುವುದೇ ಅವುಗಳ ಕೆಲಸ: 50 ಆವರ್ತ ಎಣಿಸಿದರೆ ಒಂದು ಸೆಕೆಂಡ್. ಆ ವಾರಗಳಲ್ಲಿ ಜಾಲದ ಸರಾಸರಿ ಆವರ್ತನ 50ರ ಬದಲು 49.996 ಇತ್ತು. ಕೊರತೆ 0.004, ಫ್ಯಾನು, ಫ್ರಿಜ್ಜು, ರೈಲು, ಕಾರ್ಖಾನೆ ಯಾವುದಕ್ಕೂ ಇದು ತಿಳಿಯದು. ಆದರೆ ಎಣಿಸುತ್ತ ಕೂತ ಗಡಿಯಾರಕ್ಕೆ ಇದರಿಂದ ದಿನಕ್ಕೆ ಸುಮಾರು ಏಳು ಸೆಕೆಂಡ್ ನಷ್ಟ. ಏಳು ಏಳಾಗಿ ಐವತ್ತು ದಿನ ಸೇರಿದರೆ ಹೆಚ್ಚುಕಡಿಮೆ 350 ಸೆಕೆಂಡ್, ಅಂದರೆ ಆರು ನಿಮಿಷಕ್ಕೆ ಹತ್ತೇ ಸೆಕೆಂಡ್ ಕಡಿಮೆ. ಭಾರತದ ಗೋಡೆಗಳ ಮೇಲಿನ ಗಡಿಯಾರಗಳು ಸೆಲ್ಲು ಹಾಕುವಂಥವಾದ್ದರಿಂದ ಇಲ್ಲಿ ಇಂಥದ್ದು ಯಾರ ಗಮನಕ್ಕೂ ಬರುವುದಿಲ್ಲ.

ಕಾರಣ ತಾಂತ್ರಿಕ ದೋಷವಲ್ಲ, ನೆರೆಹೊರೆಯ ಜಗಳ. ಕೊಸೊವೊ 2008ರಲ್ಲಿ ಸರ್ಬಿಯಾದಿಂದ ಬೇರೆಯೆಂದು ಘೋಷಿಸಿಕೊಂಡಿತು. ಸರ್ಬಿಯಾ ಅದನ್ನು ಒಪ್ಪಲಿಲ್ಲ. ಆದರೆ ಜಾಲದ ಲೆಕ್ಕದಲ್ಲಿ ಎರಡೂ ಒಂದೇ ಕಟ್ಟಿನೊಳಗಿದ್ದವು. ಕೊಸೊವೊದ ಉತ್ತರ ಭಾಗದಲ್ಲಿರುವ ಸರ್ಬ್ ಜನ, ಆ ಘೋಷಣೆಗೂ ಮುಂಚೆ ಅಲ್ಲಿ ನಡೆದ ಯುದ್ಧದ ನಂತರ ಕರೆಂಟು ಬಿಲ್ಲನ್ನೇ ಕಟ್ಟುತ್ತಿರಲಿಲ್ಲ. ಅದರ ಹೊರೆ ಯಾರದೆಂಬ ವಾದ ಬಗೆಹರಿದಿರಲಿಲ್ಲ. ಆ ಚಳಿಗಾಲದಲ್ಲಿ ಕೊಸೊವೊ ತಾನು ಹಾಕಿದ್ದಕ್ಕಿಂತ ಹೆಚ್ಚು ತೆಗೆಯಿತು. ತುಂಬಿಕೊಡಬೇಕಿದ್ದ ಸರ್ಬಿಯಾ ತುಂಬಿಕೊಡಲಿಲ್ಲ. ಹೀಗೆ ಕ್ಯಾನಿನಿಂದ ಕಾಣೆಯಾದದ್ದು 113 ಗಿಗಾವ್ಯಾಟ್ ಗಂಟೆ, ಅಂದರೆ 11.3 ಕೋಟಿ ಯೂನಿಟ್. ಹಾಲಿನ ಡೇರಿಯಲ್ಲಾದರೆ ಕ್ಯಾನು ಸ್ವಲ್ಪ ಖಾಲಿಯಾಗಿ ಕಾಣುತ್ತಿತ್ತು. ವಿದ್ಯುತ್ ಜಾಲದಲ್ಲಿ ಕೂಡಿಡುವ ಕ್ಯಾನೇ ಇಲ್ಲದ್ದರಿಂದ ಕೊರತೆ ವೇಗದಲ್ಲಿ ಕಾಣಿಸಿತು. ಬಾಲ್ಕನ್ ಪ್ರದೇಶದ ಪುಟ್ಟ ಮೂಲೆಯೊಂದರ ತಕರಾರು ಪ್ಯಾರಿಸ್ಸಿನ ಅಡುಗೆಮನೆಯಲ್ಲಿ ಗಡಿಯಾರದ ಮುಳ್ಳಾಗಿ ಹಿಂದೆ ಸರಿಯಿತು. ಕೊನೆಗೆ ಕೆಲವು ವಾರ ಜಾಲವನ್ನು 50ಕ್ಕಿಂತ ಕೂದಲೆಳೆಯಷ್ಟು ಜೋರಾಗಿ ಓಡಿಸಿ, ಕಳೆದ ನಿಮಿಷಗಳನ್ನು ಗಡಿಯಾರಗಳಿಗೆ ವಾಪಸು ಕೊಡಲಾಯಿತು.

ನೆರೆಯವರೊಂದಿಗೆ ವ್ಯಾಪಾರ ಬೇಕು, ಅವರ ತಾಳ ಬೇಡ ಎನ್ನುವವರಿಗೆ ಎರಡನೆಯ ವಿಧಾನವಿದೆ. ನಡುವೆ ಡಿಸಿಯ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ, ಒಂದು ಸೇತುವೆ ಹಾಕುವುದು. ಭೇರಾಮಾರಾದಲ್ಲಿ ಇರುವುದು ಅದೇ. 2013ರ ಅಕ್ಟೋಬರಿನಲ್ಲಿ 500 ಮೆಗಾವ್ಯಾಟ್‌ನಿಂದ ಶುರುವಾಗಿ 2018ರಲ್ಲಿ 1,000ಕ್ಕೆ ಬೆಳೆದ ಈ ಕೇಂದ್ರದಲ್ಲಿ ಭಾರತದ ಎಸಿ ಒಂದು ಕಡೆಯಿಂದ ಒಳಬಂದು ಡಿಸಿಯಾಗುತ್ತದೆ. ಅದೇ ಆವರಣದಲ್ಲಿ ಮತ್ತೆ ಎಸಿಯಾಗಿ, ಬಾಂಗ್ಲಾದ ತಾಳ ಹಿಡಿದು ಹೊರಬೀಳುತ್ತದೆ. ಈ ಕೆಲಸ ಮಾಡುವವು ಥೈರಿಸ್ಟರುಗಳು. ಅಂಗೈಯಗಲದ ಸಿಲಿಕಾನ್ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಪ್ರತಿ ಆವರ್ತದಲ್ಲೂ ಕರಾರುವಾಕ್ಕಾದ ಗಳಿಗೆಗೆ ಅವು ಬಾಗಿಲು ತೆರೆಯುವಂತೆ ಮಾಡಿರುತ್ತಾರೆ. ಡಿಸಿಗೆ ಆವರ್ತನವೇ ಇಲ್ಲ, ಆದ್ದರಿಂದ ಈಚೆಯ ತಾಳ ಆಚೆಗೆ ದಾಟದು. ಎಷ್ಟು ವಿದ್ಯುತ್ ಬಿಡಬೇಕೆಂಬುದು ನಲ್ಲಿ ತಿರುವಿದ ಹಾಗೆ ಇಲ್ಲಿನವರ ಕೈಯಲ್ಲಿರುತ್ತದೆ.

ತಾಳವನ್ನು ತಡೆಯುವ ಈ ಡಿಸಿ ಗೋಡೆಯ ಬೆಲೆ ಗೊತ್ತಾದದ್ದು 2012ರ ಜುಲೈ 31ರಂದು. ಉತ್ತರ, ಪೂರ್ವ, ಈಶಾನ್ಯ ಜಾಲಗಳು ಕುಸಿದು 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಕೂತರು. ದಕ್ಷಿಣದಲ್ಲಿ ಜಾಲ ಕುಸಿಯದೆ ಉಳಿಯಿತು. ಆಗಿನ್ನೂ ಅದು ಉಳಿದ ಭಾರತಕ್ಕೆ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ 1,369 ಕಿ.ಮೀ. ಮಾರ್ಗದಂಥ ಡಿಸಿ ಕೊಂಡಿಗಳಿಂದಷ್ಟೇ ಸೇರಿತ್ತು. ಉತ್ತರದ ತೇರು ಉರುಳಿದಾಗ ದಕ್ಷಿಣದ ಕೈಯಲ್ಲಿ ಆ ಹಗ್ಗವಿರಲಿಲ್ಲ.

ಗೋಡೆಯೇ ಗಂಡಾಂತರವಾದದ್ದೂ ಉಂಟು. 2014ರ ನವೆಂಬರ್ 1ರ ಬೆಳಗ್ಗೆ ಭೇರಾಮಾರಾ ಕೇಂದ್ರ ಟ್ರಿಪ್ ಆಯಿತು. ಸುಮಾರು 450 ಮೆಗಾವ್ಯಾಟ್ ಒಮ್ಮೆಲೇ ನಿಂತಿತು. ಭಾರತದ ಜಾಲಕ್ಕೆ ಅದು ಸೊಳ್ಳೆ ಕಚ್ಚಿದಷ್ಟೂ ಅಲ್ಲ. ಬಾಂಗ್ಲಾದ ಆಗಿನ ಜಾಲಕ್ಕೆ ಅದು ಸರಿಸುಮಾರು ಹತ್ತನೇ ಒಂದು ಪಾಲು. ಆವರ್ತನ ಕುಸಿಯಿತು, ತಮ್ಮನ್ನು ಕಾಪಾಡಿಕೊಳ್ಳಲು ಘಟಕಗಳು ಒಂದೊಂದಾಗಿ ಕಳಚಿಕೊಂಡವು, ಇಡೀ ದೇಶ ಕತ್ತಲಾಯಿತು. ನೆರೆಯ ರೋಗವನ್ನು ಡಿಸಿ ಗೋಡೆ ತಡೆದೀತು. ಆದರೆ ಆ ಗೋಡೆಯ ಮೂಲಕ ಬರುವ ಊಟ ಒಮ್ಮೆಲೇ ನಿಂತರೆ ಏನು ಗತಿ ಎಂಬ ಪ್ರಶ್ನೆಗೆ ಉತ್ತರವನ್ನು ಒಳಗೇ ಇಟ್ಟುಕೊಂಡಿರಬೇಕು.

ಯಾರೊಂದಿಗೂ ಸೇರದೆ ಒಂಟಿಯಾಗಿರುವ ಜಾಲದ ಪಾಡು ಶ್ರೀಲಂಕಾದ್ದು. 2025ರ ಫೆಬ್ರವರಿ 9ರ ಭಾನುವಾರ ಕೊಲಂಬೊದ ದಕ್ಷಿಣಕ್ಕಿರುವ ಪಾಣದುರ ಸಬ್‌ಸ್ಟೇಷನ್ನಿಗೆ ಒಂದು ಕೋತಿ ನುಗ್ಗಿ ಟ್ರಾನ್ಸ್‌ಫಾರ್ಮರ್ ಮುಟ್ಟಿತು. ದ್ವೀಪಕ್ಕೆ ದ್ವೀಪವೇ ಕರೆಂಟಿಲ್ಲದೆ ನಿಂತಿತು. ಗಾದೆಯ ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಇಲ್ಲಿ ಉಲ್ಟಾ, ಮೊಸರನ್ನು ಕೋತಿಯ ಬಾಯಿಗೇ ಒರೆಸಲಾಯಿತು. ನಿಜವಾದ ಕಾರಣ ಬೇರೆ. ರಜೆಯ ದಿನವಾದ್ದರಿಂದ ಬೇಡಿಕೆ ಕಡಿಮೆ, ಸುಡುಬಿಸಿಲಾದ್ದರಿಂದ ಸೌರ ವಿದ್ಯುತ್ತಿನ ಪಾಲು ಹೆಚ್ಚು. ಸೌರ ಫಲಕದಲ್ಲಿ ತಿರುಗುವ ಭಾರವಿಲ್ಲ. ದೊಡ್ಡ ಟರ್ಬೈನುಗಳ ಉಕ್ಕಿನ ತೂಕ ಪೆಟ್ಟು ಬಿದ್ದ ಮೇಲೂ ಕೆಲವು ಕ್ಷಣ ತಿರುಗುತ್ತಲೇ ಇದ್ದು, ಸುಧಾರಿಸಿಕೊಳ್ಳಲು ಜಾಲಕ್ಕೆ ಬಿಡುವು ಕೊಡುತ್ತದೆ. ಆ ಹೊತ್ತಿನಲ್ಲಿ ಅಂಥ ತೂಕ ಸಾಲದಾಗಿತ್ತು.

ಕಾಕತಾಳೀಯವೆಂದರೆ, ಅದೇ ಭಾನುವಾರ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ದೇಶಗಳು ಯುರೋಪಿನ ಹಗ್ಗ ಹಿಡಿದವು. ಸೋವಿಯತ್ ಕಾಲದಿಂದ ರಷ್ಯಾದ ತಾಳಕ್ಕೆ ತಿರುಗುತ್ತಿದ್ದ ಅವು ಹಿಂದಿನ ದಿನವಷ್ಟೇ ಅದರಿಂದ ಕಳಚಿಕೊಂಡಿದ್ದವು. ಶ್ರೀಲಂಕಾ ಆಯ್ದುಕೊಂಡದ್ದು ಎರಡನೆಯ ದಾರಿ. ಭಾರತದೊಂದಿಗೆ ಡಿಸಿ ಕೊಂಡಿ ಹಾಕುವ ಒಡಂಬಡಿಕೆಗೆ 2025ರ ಏಪ್ರಿಲ್‌ನಲ್ಲಿ ಸಹಿ ಬಿದ್ದಿದೆ. ಅದು ಕೈಗೂಡಿದರೂ ಎರಡು ದೇಶಗಳ ತೇರು ಬೇರೆ ಬೇರೆಯೇ ಇರುತ್ತದೆ. ಕೂಡುವುದು ಪಾಸ್‌ಪುಸ್ತಕ ಮಾತ್ರ.