ಕಾಣೆಯಾದ ಇಪ್ಪತ್ತೈದು ದಿನಗಳು

ಮದುವೆಯ ಮನೆಯಲ್ಲಿ ವರಪೂಜೆಯಿಂದ ತೊಡಗಿ ಬೀಗರ ಔತಣದವರೆಗೆ ಕಳೆದ ಮೂರು ದಿನಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋದಂತೆ ತೋರಿದರೂ, ಊರಿಗೆ ಮರಳಿ ಅವನ್ನು ನೆನೆಯತೊಡಗಿದಾಗ ಒಂದು ಮಾಸದಷ್ಟು ದೀರ್ಘವಾಗಿ ಹರಡಿಕೊಳ್ಳುತ್ತವೆ. ಕಚೇರಿಯ ಬೆಂಚಿನ ಮೇಲೆ ತನ್ನ ಹೆಸರು ಕೂಗುವುದನ್ನೇ ಕಾಯುತ್ತ ಕುಳಿತ ಅಪರಾಹ್ಣವಾದರೋ, ಆಗ ಕೊನೆಯೇ ಇಲ್ಲವೆಂಬಂತೆ ಬೆಳೆದು, ವಾರ ಕಳೆಯುವುದರೊಳಗೆ ಎಳ್ಳಷ್ಟೂ ಉಳಿಯದಂತೆ ಕರಗಿಹೋಗುತ್ತದೆ. ಈ ವೈಪರೀತ್ಯವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಸ್ಪಷ್ಟವಾಗಿ ಗುರುತಿಸಿದ್ದಾನೆ. ಸಾಗುತ್ತಿರುವ ಕಾಲಕ್ಕೆ ನಮ್ಮ ಅವಧಾನವೇ ಅಳತೆ. ಸಂದುಹೋದ ಕಾಲವನ್ನು ಅಳೆಯಲು ಸ್ಮೃತಿಯ ಹೊರತು ನಮ್ಮಲ್ಲಿ ಬೇರೆ ಸಾಧನವಿಲ್ಲ.

ಸ್ಮೃತಿಗೆ ಹಿಡಿದುಕೊಳ್ಳಲು ಏನೂ ದೊರೆಯದಿದ್ದರೆ ಏನಾದೀತು? 1962ರ ಬೇಸಗೆಯಲ್ಲಿ ಮಿಷೆಲ್ ಸಿಫ್ರ್ ಎಂಬ ಇಪ್ಪತ್ತಮೂರು ವಯಸ್ಸಿನ ಫ್ರೆಂಚ್ ಭೂವಿಜ್ಞಾನಿ ಆಲ್ಪ್ಸ್ ಪರ್ವತಗಳ ಸ್ಕರಾಸ್ಸೋನ್ ಗುಹೆಗೆ, ನೆಲದಡಿಯ ಹಿಮರಾಶಿಯನ್ನು ಪರೀಕ್ಷಿಸುವ ನೆಪದಿಂದ, ಗಡಿಯಾರವಿಲ್ಲದೆ ಇಳಿದು ಎರಡು ತಿಂಗಳು ಅಲ್ಲಿಯೇ ವಾಸಿಸಿದನು. ಮೇಲಿದ್ದ ಸಂಗಡಿಗರಿಗೆ ಒಂದು ಟೆಲಿಫೋನ್ ತಂತಿಯಿತ್ತು. ಎದ್ದಾಗ, ಉಂಡಾಗ, ಮಲಗುವಾಗ ಅವನು ಕರೆ ಮಾಡತಕ್ಕದ್ದು, ಅವರು ಗಂಟೆಯನ್ನು ಮಾತ್ರ ತಿಳಿಸಕೂಡದು ಎಂಬುದು ನಿಯಮ. ಸೆಕೆಂಡಿಗೆ ಒಂದರಂತೆ ನೂರಿಪ್ಪತ್ತರವರೆಗೆ ಎಣಿಸು ಎಂದರೆ ಎರಡು ನಿಮಿಷವೆಂದು ಭಾವಿಸಿ ಅವನು ಐದು ನಿಮಿಷ ಎಣಿಸುತ್ತಿದ್ದನು. ಸೆಪ್ಟೆಂಬರ್ 14ರಂದು, ಅವಧಿ ಮುಗಿಯಿತೆಂದು ಸಂಗಡಿಗರು ಸಾರಿದಾಗ, ಅವನ ದಿನಚರಿಯಲ್ಲಿ ಇನ್ನೂ ಆಗಸ್ಟ್ 20 ನಡೆಯುತ್ತಿತ್ತು! ಆಶ್ಚರ್ಯದ ಸಂಗತಿಯೆಂದರೆ ದೇಹ ಹೀಗೆ ಮೋಸಹೋಗಿರಲಿಲ್ಲ. ಟೆಲಿಫೋನ್ ಕರೆಗಳ ದಾಖಲೆಯಂತೆ ಅವನ ನಿದ್ರೆ ಎಚ್ಚರಗಳ ಆವರ್ತನೆ ಸರಾಸರಿ ಇಪ್ಪತ್ತನಾಲ್ಕೂವರೆ ಗಂಟೆಗೆ ನಿಯತವಾಗಿ ಬರುತ್ತಲೇ ಇದ್ದಿತು. ತಪ್ಪಿದುದು ಮನಸ್ಸಿನ ಲೆಕ್ಕ. ಅದೇ ಕತ್ತಲೆ, ಅದೇ ಚಳಿ, ಅದೇ ಒದ್ದೆ ಗುಡಾರ. ನಿನ್ನೆಯನ್ನು ಮೊನ್ನೆಯಿಂದ ಬೇರ್ಪಡಿಸುವ ಒಂದು ಗುರುತೂ ಇಲ್ಲದಿದ್ದಲ್ಲಿ ಹಿಂದಿನ ದಿನ ಏನು ಮಾಡಿದೆನೆಂಬುದೇ ನೆನಪಿಗೆ ಬರುತ್ತಿರಲಿಲ್ಲವೆಂದು ಆತನೇ ಮುಂದೆ ವಿವರಿಸಿದನು.

ಇದರ ವಿರುದ್ಧ ತುದಿಯಲ್ಲಿ ಭಯವಿದೆ. ಅಪಘಾತದಿಂದ ಪಾರಾದವರು ಆ ಕ್ಷಣ ಯುಗವಾಯಿತೆನ್ನುವುದುಂಟಷ್ಟೆ. 2007ರಲ್ಲಿ ಪ್ರಕಟವಾದ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಮೂವತ್ತೊಂದು ಮೀಟರ್ ಎತ್ತರದಿಂದ ಬೆನ್ನಡಿಯಾಗಿ ಬಲೆಗೆ ಬಿದ್ದವರು ತಮ್ಮ ಪತನವನ್ನು ಇತರರ ಪತನಕ್ಕಿಂತ ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ ದೀರ್ಘವೆಂದು ಅಂದಾಜಿಸಿದರು. ಆದರೆ ಅವರ ಮಣಿಕಟ್ಟಿಗೆ ಕಟ್ಟಿದ್ದ ಯಂತ್ರದಲ್ಲಿ, ಓದಲಾರದಷ್ಟು ವೇಗವಾಗಿ ಮಿನುಗುತ್ತಿದ್ದ ಅಂಕಿಗಳು ಬೀಳುವಾಗಲೂ ಓದಲು ಸಿಕ್ಕಲಿಲ್ಲ. ಕಾಲ ನಿಜವಾಗಿ ನಿಧಾನಿಸಿದ್ದರೆ ಕಂಡೇ ಕಾಣಬೇಕಿತ್ತು. ಭಯವು ಒತ್ತೊತ್ತಾಗಿ ಮೂಡಿಸಿದ ನೆನಪುಗಳೇ ಆ ಎರಡೂವರೆ ಸೆಕೆಂಡನ್ನು ಆಮೇಲೆ ಹಿಗ್ಗಿಸಿದುವೆಂದು ಪ್ರಯೋಗ ನಡೆಸಿದವರು ನಿರ್ಣಯಿಸಿದರು.

ಪ್ರಾಯ ಏರಿದಂತೆ ಸಂವತ್ಸರಗಳು ಓಡುತ್ತವೆಂಬ ಹಿರಿಯರ ಅಳಲಿಗೆ ಪಾಲ್ ಜಾನೆ ಎಂಬ ಫ್ರೆಂಚ್ ತತ್ತ್ವಜ್ಞ 1877ರಲ್ಲಿಯೇ ಒಂದು ಗಣಿತ ಹೇಳಿದ್ದನು: ಹತ್ತು ವರ್ಷದವನಿಗೆ ಒಂದು ವರ್ಷವೆಂದರೆ ಬಾಳಿನ ಹತ್ತನೆಯ ಒಂದು ಪಾಲು, ಐವತ್ತರವನಿಗೆ ಐವತ್ತರಲ್ಲೊಂದು. ಲೆಕ್ಕವೇನೋ ಚೊಕ್ಕಟವಾಗಿದೆ, ಆದರೆ ಇಡೀ ಆಯುಸ್ಸನ್ನು ಭಾಜಕವಾಗಿಟ್ಟುಕೊಂಡು ವರ್ಷವನ್ನು ಅಳೆಯುವವರನ್ನು ನಾನು ಕಂಡುದಿಲ್ಲ. ಮೊದಲ ಶಾಲೆ, ಮೊದಲ ಪರವೂರು, ಮೊದಲ ಸಂಬಳ ಇವೆಲ್ಲ ಎಳೆವಯಸ್ಸಿನಲ್ಲಿಯೇ ತುಂಬಿಕೊಂಡು, ಅನಂತರದ ದಿನಗಳು ಒಂದರಂತೊಂದು ಬರುವುದೇ ಕಾರಣವೆಂಬ ಜೇಮ್ಸನ ಮಾತು ನನಗೆ ಹೆಚ್ಚು ಒಪ್ಪುತ್ತದೆ. ಏಕರೂಪದ ದಿನಗಳು ಯೌವನವನ್ನಾಗಲಿ ವಾರ್ಧಕ್ಯವನ್ನಾಗಲಿ ನೋಡುವುದಿಲ್ಲ: ಇಪ್ಪತ್ತಮೂರರಲ್ಲಿ ಇಪ್ಪತ್ತೈದು ದಿನಗಳನ್ನು ಕಳೆದುಕೊಂಡ ಸಿಫ್ರ್, ಅರವತ್ತರಲ್ಲಿ ಪುನಃ ದಕ್ಷಿಣ ಫ್ರಾನ್ಸಿನ ಕ್ಲಾಮೂಸ್ ಗುಹೆಯಲ್ಲಿ ಕುಳಿತು 2000ನೆಯ ಹೊಸವರ್ಷವನ್ನು ಸ್ವಾಗತಿಸಿದಾಗ, ಹೊರಗಿನವರು ಆಗಲೇ ಅದರ ಮೂರು ದಿನಗಳನ್ನು ಮುಗಿಸಿದ್ದರು.