ಕಡಲ ತಳದಲ್ಲಿ ಕ್ಯಾಟಲೀನಾ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೆ.ಸಿ. ವ್ಯಾಲಿ ನೀರು ಎಂದರೆ ಗೊತ್ತಿಲ್ಲದವರಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿದ ಆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿದು ಬಂತು. ಅದೇ ಕಣಿವೆಯ ಬೆಳ್ಳಂದೂರು ಕೆರೆಯ ಮೇಲೆ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ಇಳಿಯುತ್ತಿದ್ದವು. ಆ ಸಂಗತಿ ನಮ್ಮ ಮಾತಿನಲ್ಲಿ ಬರುವುದು ಕಡಿಮೆ.

ಅವು ಕ್ಯಾಟಲೀನಾಗಳು. ದೋಣಿಯಂಥ ಹೊಟ್ಟೆ, ತುದಿಯಿಂದ ತುದಿಗೆ 104 ಅಡಿ ರೆಕ್ಕೆ, ಅದರ ಮೇಲೆ ಎರಡು ಎಂಜಿನ್. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, 1943ರಲ್ಲಿ ಅಮೆರಿಕದ ಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಅಲ್ಲಿ ಪೂರ್ತಿ ಬಿಚ್ಚಿ ದುರಸ್ತಿ ಮಾಡಿದ ಮೊದಲ ವಿಮಾನವೇ ಕ್ಯಾಟಲೀನಾ.

ಅದೇ ಜಾತಿಯ ಇನ್ನೊಂದು ವಿಮಾನ ಹವಾಯಿಯ ಕಾನೆಯೋಹೆ ಕೊಲ್ಲಿಯ ತಳದಲ್ಲಿ ಮೂರು ತುಂಡಾಗಿ ಬಿದ್ದಿದೆ. 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬೀಳುವ ಕೆಲವೇ ನಿಮಿಷ ಮೊದಲು, ಜಪಾನಿ ವಿಮಾನಗಳು ಇಲ್ಲಿ 27 ಕ್ಯಾಟಲೀನಾಗಳನ್ನು ನಾಶ ಮಾಡಿದವು. ಆ ವಿಮಾನ ಬಿದ್ದಿರುವ ಆಳ ಬರೀ 30 ಅಡಿ. ಆದರೂ 1994ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ಇಳಿದಾಗ ನೀರು ಬಗ್ಗಡವಾಗಿ ಕೆಲಸ ಸಾಗಲಿಲ್ಲ. 2015ರ ಜೂನ್‌ನಲ್ಲಿ ನೀರು ಕೊಂಚ ತಿಳಿಯಾಗಿದ್ದಾಗ ಕಡಲ ಪುರಾತತ್ವಜ್ಞ ಹ್ಯಾನ್ಸ್ ವಾನ್ ಟಿಲ್‌ಬರ್ಗ್ ಅವರ ತಂಡ ವಿದ್ಯಾರ್ಥಿಗಳೊಂದಿಗೆ ಅದರ ಫೋಟೊ, ವಿಡಿಯೊ ದಾಖಲಿಸಿತು.

ಸ್ಕೂಬಾ ಕಸುಬಿನ ನಿಜವಾದ ಪರೀಕ್ಷೆ ಇಂಥಲ್ಲೇ. ಗಾಳಿ ತುಂಬುವ ಜಾಕೆಟ್, ಸೊಂಟಕ್ಕೆ ಸೀಸದ ತೂಕ; ಎರಡನ್ನೂ ಹೊಂದಿಸಿಕೊಂಡು ಮುಳುಗುಗಾರ ಏಳದೆ ಮುಳುಗದೆ ನೀರಿನ ನಡುವೆ ನಿಲ್ಲಬೇಕು. ಉಸಿರು ಎಳೆದರೆ ಮೈ ತುಸು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಕಾಲಿನ ರೆಕ್ಕೆ ಒಮ್ಮೆ ಜೋರಾಗಿ ಬಡಿದರೆ ಸಾಕು, ಎಮ್ಮೆ ಇಳಿದ ಕೆರೆಯಂತೆ ಗೋಡು ಎದ್ದು ಪಕ್ಕದವನ ಮುಖವೂ ಕಾಣದು. ತೆಳು ಅಲ್ಯೂಮಿನಿಯಂ ತಗಡನ್ನು ಉಪ್ಪುನೀರು ತಿಂದಿರುತ್ತದೆ, ಹಿಡಿದು ನಿಲ್ಲುವಂತಿಲ್ಲ. ನೆನಪಿಗೆಂದು ಚೂರು ಕಿತ್ತು ತರುವುದಂತೂ ಕಳ್ಳತನವೇ. ಅಮೆರಿಕದ 2004ರ ಕಾಯ್ದೆ ಮುಳುಗಿದ ಸೇನಾ ವಿಮಾನಗಳಿಗೆ ರಕ್ಷಣೆ ಕೊಟ್ಟಿದೆ. ಅದು ಬೇಕಿತ್ತು, ಏಕೆಂದರೆ ಎಷ್ಟೋ ವಿಮಾನಗಳು ಅವುಗಳೊಳಗಿದ್ದವರಿಗೆ ಸಮಾಧಿಯೂ ಹೌದು.

ನಮ್ಮವರು ಸ್ಕೂಬಾ ಕಲಿಯಲು ಹವಾಯಿಗೆ ಹೋಗಬೇಕಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಕಲಿಸುತ್ತಾರೆ, ಮಳೆಗಾಲದಲ್ಲಿ ಬಂದ್. ಮೊದಲ ಹಂತದ ಸರ್ಟಿಫಿಕೇಟ್ ಪಡೆದವರು 18 ಮೀಟರ್‌ವರೆಗೆ ಇಳಿಯಬಹುದು. ಕಾನೆಯೋಹೆಯ ಕ್ಯಾಟಲೀನಾ ಇರುವುದು ಅದರ ಅರ್ಧದಷ್ಟು ಆಳದಲ್ಲಿ.